ಸಾರಿನಲ್ಲಿ ಮಾತ್ರೆ ಬೆರೆಸಬಹುದೇ? ಅಣ್ಣನ ಕುಡಿತದ ಬಗ್ಗೆ ಸಲಹೆ ಬೇಕು

ತುಂಗೆಯ ತಂಗಿ (ತೀರ್ಥಹಳ್ಳಿ ತಾಲ್ಲೂಕು)
ಜುಲೈ 6, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಈಗ 39 ವರ್ಷ. ಎರಡು ಎಕರೆ ಅಡಿಕೆ ತೋಟವಿದೆ. ಅದರಲ್ಲಿ ಮನೆ ನಡೆಯುವುದಿಲ್ಲವೆಂದು ಬೇರೆಯವರ ತೋಟಗಳಿಗೆ ಕೊನೆ (ಅಡಿಕೆ ಗೊನೆ) ತೆಗೆಯಲು, ಮಳೆಗಾಲದಲ್ಲಿ ಕೊಳೆ ರೋಗದ ಔಷಧಿ ಹೊಡೆಯಲು ಹೋಗುತ್ತಾನೆ. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಹಾಯುತ್ತಾ ಇಡೀ ಸಾಲು ಮುಗಿಸಿ ನೆಲಕ್ಕೆ ಇಳಿಯುತ್ತಿದ್ದವನು. ಈಗ ಬೆಳಿಗ್ಗೆ ಕಾಫಿ ಲೋಟ ಹಿಡಿಯಲು ಕೈ ನಡುಗುತ್ತದೆ. ಒಂದು ಪ್ಯಾಕೆಟ್ ಒಳಗೆ ಹೋದ ಮೇಲೆಯೇ ಆ ನಡುಕ ನಿಲ್ಲುವುದು.

ಪೇಟೆಯಲ್ಲಿ ಪರಿಚಯದವರೊಬ್ಬರು ಮಾತ್ರೆಗಳ ಒಂದು ಹಾಳೆ ಕೊಟ್ಟಿದ್ದಾರೆ. ಪುಡಿ ಮಾಡಿ ಸಾರಿನಲ್ಲಿ ಬೆರೆಸಿದರೆ ರುಚಿಯೂ ತಿಳಿಯುವುದಿಲ್ಲ, ಕುಡಿದ ಕೂಡಲೇ ವಾಂತಿಯಾಗಿ ತಾನಾಗಿಯೇ ಬಿಡುತ್ತಾನೆ ಎಂದರು. ಹಾಳೆಯ ಮೇಲೆ ಡೈಸಲ್ಫಿರಾಂ ಎಂದಿದೆ. ಅತ್ತಿಗೆಗೆ ಹೆದರಿಕೆ. ಅಮ್ಮ ಮಾತ್ರ "ನಾಳೆಯಿಂದಲೇ ಹಾಕು" ಎನ್ನುತ್ತಾಳೆ. ಮಾತ್ರೆ ಅಡುಗೆಮನೆಯ ಅಟ್ಟದ ಮೇಲಿದೆ. ಯಾರಾದರೂ ಹೀಗೆ ಮಾಡಿದ್ದೀರಾ? ಬೇಗ ಹೇಳಿ.

ಮಲ್ಲಿಗೆ ಬಳ್ಳಿ (ಶಿಕಾರಿಪುರ)
ಜುಲೈ 6, ರಾತ್ರಿ 11:15

ನಾನು ಮಾಡಿದ್ದೇನೆ ತಂಗಿ. ಅದಕ್ಕೇ ನಿದ್ದೆ ಬಿಟ್ಟು ಬರೆಯುತ್ತಿದ್ದೇನೆ. ಹಾಕಬೇಡ.

ನಾಲ್ಕು ದಿನ ನನ್ನ ಗಂಡನ ಪಲ್ಯದಲ್ಲಿ ಬೆರೆಸಿದೆ. ಐದನೆಯ ದಿನ ಅವರು ಸ್ನೇಹಿತರ ಜೊತೆ ಜಾತ್ರೆಗೆ ಹೋದರು. ಅಲ್ಲಿ ಕುಡಿದ ಅರ್ಧ ಗಂಟೆಯಲ್ಲಿ ಮುಖವೆಲ್ಲ ಕೆಂಪಾಗಿ, ಎದೆ ಬಡಿತ ಏರಿ, ವಾಂತಿ ಮಾಡುತ್ತಾ ಕುಸಿದು ಬಿದ್ದರಂತೆ. ಹೃದಯಾಘಾತವೆಂದೇ ಎಲ್ಲರೂ ಎತ್ತಿಕೊಂಡು ಓಡಿದ್ದಾರೆ. ವೈದ್ಯರಿಗೂ ಕಾರಣ ಹೊಳೆಯಲಿಲ್ಲ. ನಾನು ಹೋಗಿ ಬಾಯಿ ಬಿಡುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಜೀವ ಉಳಿಯಿತು. ಆದರೆ ಆಮೇಲೆ ಒಂದು ವರ್ಷ ಅವರು ನಾನು ಬಡಿಸಿದ್ದನ್ನು ಮುಟ್ಟಲಿಲ್ಲ. ಹೋಟೆಲಿನಲ್ಲಿ ಉಂಡು ಬರುತ್ತಿದ್ದರು, ಕುಡಿತ ಇನ್ನೂ ಹೆಚ್ಚಾಯಿತು. ಹಾವು ಸಾಯಲಿಲ್ಲ, ಕೋಲೂ ಮುರಿಯಿತು.

ಬಿಳಿ ದಾಸವಾಳ (ಸಾಗರ)
ಜುಲೈ 7, ಬೆಳಿಗ್ಗೆ 6:20

ಹದಿನೆಂಟು ವರ್ಷದಿಂದ ದಾದಿಯಾಗಿ ಕೆಲಸ ಮಾಡುತ್ತಿದ್ದೇನೆ. ಮಲ್ಲಿಗೆ ಅಕ್ಕ ಹೇಳಿದ ಸ್ಥಿತಿಯಲ್ಲಿ ಬಂದವರನ್ನು ನಾನೂ ನೋಡಿದ್ದೇನೆ.

ಮದ್ಯ ಒಡಲಿಗೆ ಹೋದಾಗ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗುತ್ತದೆ. ಯಕೃತ್ತು ಅದನ್ನು ಬೇಗ ಕರಗಿಸಿ ಹೊರಗೆ ಕಳಿಸುತ್ತದೆ. ಈ ಮಾತ್ರೆ ಆ ಕೆಲಸವನ್ನೇ ತಡೆಯುತ್ತದೆ. ವಿಷ ರಕ್ತದಲ್ಲಿ ಶೇಖರವಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಬಹುದು. ಕುಡಿದು 12 ಗಂಟೆಯೊಳಗೆ ಇದನ್ನು ಕೊಡಲೇಬಾರದು. ನಿಮ್ಮ ಅಣ್ಣ 12 ಗಂಟೆ ಕುಡಿಯದೇ ಇರುವ ದಿನವಾದರೂ ಯಾವುದು? ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು. ಮದ್ಯದ ಅಂಶವಿರುವ ಕೆಮ್ಮಿನ ಸಿರಪ್, ನಮ್ಮ ಮನೆಗಳಲ್ಲಿ ಇದ್ದೇ ಇರುವ ಅರಿಷ್ಟ, ಆಸವಗಳು ಸಹ ಆಗ ತೊಂದರೆ ಕೊಡುತ್ತವೆ.

ಔಷಧಿ ಕೆಟ್ಟದ್ದಲ್ಲ. ಡೆನ್ಮಾರ್ಕಿನಲ್ಲಿ 1940ರ ದಶಕದಲ್ಲಿ ಇದರ ಈ ಗುಣ ಗೊತ್ತಾದಾಗಿನಿಂದ ಎಷ್ಟೋ ಜನರಿಗೆ ಉಪಯೋಗವಾಗಿದೆ. ಆದರೆ ಕುಡಿಯುವವನಿಗೆ ಎಲ್ಲವನ್ನೂ ವಿವರಿಸಿ, ಯಕೃತ್ತಿನ ಮತ್ತು ಹೃದಯದ ಪರೀಕ್ಷೆ ಮಾಡಿ, ಅವನು ಒಪ್ಪಿ ತಾನೇ ನುಂಗಬೇಕಾದ ಮಾತ್ರೆ ಇದು. ಅಟ್ಟದಿಂದ ಇಳಿಸಿ, ವೈದ್ಯರ ಬಳಿ ಹೋಗುವಾಗ ಜೊತೆಗೆ ಒಯ್ಯಿರಿ.

ಇನ್ನೂ ಒಂದು ಪ್ರಶ್ನೆ ಇದೆ. ಕುಡಿಯದ ದಿನ ಅವರಿಗೆ ಫಿಟ್ಸ್ ಬಂದದ್ದು, ಇಲ್ಲದ್ದು ಕಂಡದ್ದು ಉಂಟೇ?

ತುಂಗೆಯ ತಂಗಿ
ಜುಲೈ 7, ಬೆಳಿಗ್ಗೆ 7:05

ಮಲ್ಲಿಗೆ ಅಕ್ಕ, ದಾಸವಾಳ ಅಕ್ಕ, ನಿಮ್ಮಿಬ್ಬರ ಋಣ ದೊಡ್ಡದು. ಮಾತ್ರೆ ಈಗ ನನ್ನ ಕೈಚೀಲದಲ್ಲಿದೆ.

ಹೌದು, ಹೋದ ವರ್ಷ ಒಮ್ಮೆ ಫಿಟ್ಸ್ ಬಂದಿತ್ತು. ಜ್ವರದಿಂದ ಎರಡು ದಿನ ಮಲಗಿದ್ದಾಗ. ಜ್ವರ ತಲೆಗೆ ಏರಿರಬೇಕು ಎಂದುಕೊಂಡೆವು.

ಮಳೆಕಾಡು (ಕೊಪ್ಪ)
ಜುಲೈ 7, ಬೆಳಿಗ್ಗೆ 9:30

ಅದು ಜ್ವರವಲ್ಲ. ನಮ್ಮ ಅಪ್ಪನಿಗೂ ಹೀಗೆಯೇ ಆಯಿತು. ಕಾಲು ಮುರಿದುಕೊಂಡು ಮಲಗಿದ್ದರು, ತರಲು ಯಾರೂ ಇರಲಿಲ್ಲ, ಕುಡಿತ ಒಂದೇ ಏಟಿಗೆ ನಿಂತಿತು. ನಮಗೆಲ್ಲ ಸಂತೋಷವೋ ಸಂತೋಷ. ಎರಡನೆಯ ದಿನ ಫಿಟ್ಸ್ ಬಂತು. ಮೂರನೆಯ ದಿನ ರಾತ್ರಿ, ಹೊರಗೆ ಆಗುಂಬೆ ಕಡೆಯ ಮಳೆ ಹೊಯ್ಯುತ್ತಿದೆ, ಅಪ್ಪ ಹಾಸಿಗೆಯ ಮೇಲೆ ಕುಳಿತು ಗೋಡೆಯಿಂದ ಇರುವೆ ಹೆಕ್ಕುತ್ತಿದ್ದಾರೆ. ಗೋಡೆಯ ಮೇಲೆ ಒಂದು ಇರುವೆಯೂ ಇಲ್ಲ. ಸತ್ತುಹೋದ ಅಜ್ಜನ ಜೊತೆ ಜಗಳವಾಡುತ್ತಿದ್ದಾರೆ. ಮೈ ಬೆವರಿ ಕಂಬಳಿ ಒದ್ದೆ. ಭೂತದ ಉಪದ್ರವವೆಂದು ದೊಡ್ಡಪ್ಪ ತೀರ್ಮಾನಿಸಿದರು. ಪ್ರಶ್ನೆ ಕೇಳಿಸಿ, ಕಾಯಿ ಒಡೆಸಿ, ತಾಯಿತ ಕಟ್ಟಿಸುವುದರಲ್ಲಿ ಒಂದು ಪೂರ್ತಿ ದಿನ ಹೋಯಿತು. ಆಸ್ಪತ್ರೆಗೆ ತಲುಪಿದಾಗ ತಡವಾಗಿತ್ತು.

ದೊಡ್ಡಪ್ಪನ ಮೇಲೆ ನನಗೆ ಸಿಟ್ಟಿಲ್ಲ. ನಮಗೆ ಯಾರೂ ಹೇಳಿರಲಿಲ್ಲ. ಹತ್ತು ವರ್ಷದಿಂದ, ಹೇಳುವ ಅವಕಾಶ ಸಿಕ್ಕಲ್ಲೆಲ್ಲ ಹೇಳುತ್ತಿದ್ದೇನೆ. ದಿನವೂ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಕುಡಿತ ನಿಲ್ಲಿಸಬೇಡಿ.

ಬಿಳಿ ದಾಸವಾಳ
ಜುಲೈ 7, ಮಧ್ಯಾಹ್ನ 2:10

ಮಳೆಕಾಡು ಅವರೇ, ಬರೆದದ್ದಕ್ಕೆ ಕೈಮುಗಿಯುತ್ತೇನೆ. ತಂಗಿ, ಅವರು ಹೇಳಿದ ದಿನಗಳ ಲೆಕ್ಕ ಸರಿಯಾಗಿಯೇ ಇದೆ. ಕೊನೆಯ ಗುಟುಕಿನಿಂದ 6 ಗಂಟೆ ಕಳೆಯುವಷ್ಟರಲ್ಲಿ ನಡುಕ, ಬೆವರು, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಇಲ್ಲದ್ದನ್ನು ಕಾಣುವುದು, ದಿಕ್ಕು ತಪ್ಪುವುದು ಎರಡರಿಂದ ನಾಲ್ಕನೆಯ ದಿನದ ನಡುವೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಜೀವಕ್ಕೇ ಅಪಾಯ, ಚಿಕಿತ್ಸೆ ಸಿಕ್ಕರೆ ಬಹುತೇಕರು ಪಾರಾಗುತ್ತಾರೆ. ಹಿಂದೆ ಫಿಟ್ಸ್ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಹಾಗಾಗಿ ನಿಮ್ಮ ಅಣ್ಣ ಆಸ್ಪತ್ರೆಯಲ್ಲಿ ಒಳರೋಗಿಯಾಗಿಯೇ ಬಿಡಬೇಕು. ಅಲ್ಲಿಯವರೆಗೆ ನೀವಾಗಿ ಪ್ಯಾಕೆಟ್ ಕಸಿದುಕೊಳ್ಳಬೇಡಿ. ಹೀಗೆ ಬರೆಯಲು ನನಗೇ ಕಷ್ಟವಾಗುತ್ತಿದೆ, ಆದರೂ ಬರೆಯಲೇಬೇಕು.

ಇನ್ನೊಂದು ವಿಷಯ, ನಮ್ಮ ಕಡೆಯವರು ತಪ್ಪದೆ ಮಾಡುವ ಕೆಲಸ. ಸುಸ್ತು ಎಂದ ಕೂಡಲೇ ಹತ್ತಿರದ ಕ್ಲಿನಿಕ್ಕಿಗೆ ಹೋಗಿ "ಒಂದು ಗ್ಲೂಕೋಸ್ ಬಾಟಲಿ ಹಾಕಿ" ಎನ್ನುತ್ತಾರೆ, ಕುಡಿತದ ವಿಷಯ ನಾಚಿಕೆಯಿಂದ ಮುಚ್ಚಿಡುತ್ತಾರೆ. ವರ್ಷಗಟ್ಟಲೆ ಕುಡಿದು, ಊಟ ಬಿಟ್ಟವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬಿದ್ದು ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಯಾವ ವೈದ್ಯರ ಮುಂದೆ ಕುಳಿತರೂ ಮೊದಲ ಮಾತು "ಇವರು ದಿನಾ ಕುಡಿಯುತ್ತಾರೆ, ಕೊನೆಗೆ ಕುಡಿದದ್ದು ಇಷ್ಟು ಗಂಟೆಗೆ" ಎಂದಿರಲಿ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. ಮನೆಯಿಂದಲೇ ಮಾತಾಡಬೇಕಾದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡು ಕಟ್ಟಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಸೊರಬದ ಮೇಷ್ಟ್ರು
ಜುಲೈ 7, ಸಂಜೆ 6:40

ಆಸ್ಪತ್ರೆ ಎಂದರೆ ಜನ ಹಿಂದೆ ಸರಿಯುತ್ತಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ನಮ್ಮೂರಿನ ಸಮುದಾಯ ಭವನದಲ್ಲಿ ಎಂಟು ದಿನ ನಡೆಯಿತು. ನಾನು ಅಡುಗೆಯ ಉಸ್ತುವಾರಿ ನೋಡಿಕೊಂಡಿದ್ದೆ. ಮೊದಲ ದಿನ ಬೈದುಕೊಂಡು ಬಂದವರು ಕೊನೆಯ ದಿನ ಹೆಂಡತಿ ಮಕ್ಕಳೆದುರು ನಿಂತು ಅತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ. ಇಡೀ ಊರು ಒಬ್ಬ ಕುಡುಕನಿಗಾಗಿ ಅನ್ನ ಬೇಯಿಸುವುದನ್ನು ಅವನು ಜೀವನದಲ್ಲಿ ಮೊದಲ ಬಾರಿ ನೋಡಿರುತ್ತಾನೆ. ಆ ಬಲ ಯಾವ ವಾರ್ಡಿನಲ್ಲೂ ಸಿಗುವುದಿಲ್ಲ. ಆಮೇಲೆ ಶಿಬಿರ ಮುಗಿಸಿದವರ ನವಜೀವನ ಸಮಿತಿಯ ಸಭೆಗಳೂ ಇರುತ್ತವೆ.

ಹಳೇ ಸೇತುವೆ (ಭದ್ರಾವತಿ)
ಜುಲೈ 7, ರಾತ್ರಿ 9:25

ಮೇಷ್ಟ್ರೇ, ಅಂಥ ಶಿಬಿರದ ಅನ್ನ ಉಂಡವನು ನಾನು. ಇವತ್ತಿಗೆ ಆರು ವರ್ಷ ನಾಲ್ಕು ತಿಂಗಳಿಂದ ಕುಡಿದಿಲ್ಲ. ಆದರೆ ಶಿಬಿರ ಮುಗಿಸಿ ಬಂದ ಮೇಲೆ ಮೂರು ಸಲ ಜಾರಿದೆ. ಎಂಟು ದಿನ ಕುಡಿಯದಿರಲು ನನಗೆ ಕಷ್ಟವಾಗಲಿಲ್ಲ, ಸುತ್ತಲೂ ಜನರಿದ್ದರು. ಒಂಬತ್ತನೆಯ ದಿನ ಅದೇ ಮನೆ, ಅದೇ ಸಾಲಗಾರ, ಸಂಜೆ ಆರೂವರೆಗೆ ಅದೇ ದಾರಿ. ಆ ಒಂಬತ್ತನೆಯ ದಿನದ ಬಗ್ಗೆ ಯಾರೂ ನನ್ನ ಜೊತೆ ಕುಳಿತು ಲೆಕ್ಕ ಹಾಕಿರಲಿಲ್ಲ.

ನಾಲ್ಕನೆಯ ಸಲ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದೆ. ಆಪ್ತಸಲಹೆ ಕೊಡುತ್ತಿದ್ದ ಹುಡುಗಿ ಕಾಗದ ಪೆನ್ನು ಕೊಟ್ಟು, ಸಂಜೆ ಕೆಲಸ ಬಿಟ್ಟು ಮನೆಗೆ ಬರುವ ದಾರಿಯನ್ನು ಬರೆಯಲು ಹೇಳಿದಳು. ಬರೆದೆ. ಎರಡು ಅಂಗಡಿ, ಒಬ್ಬ ಗೆಳೆಯನ ಗ್ಯಾರೇಜು. "ಬೇರೆ ದಾರಿ ಇಲ್ಲವೇ?" ಎಂದಳು. ಇತ್ತು, ಚಾನಲ್ (ಕಾಲುವೆ) ಏರಿಯ ಮೇಲೆ, ಒಂದೂವರೆ ಕಿಲೋಮೀಟರ್ ಹೆಚ್ಚು. ಆರು ವರ್ಷದಿಂದ ಆ ಏರಿಯ ಮೇಲೆಯೇ ಬರುತ್ತಿದ್ದೇನೆ. ಕುಡಿಯಬೇಕೆಂಬ ಸೆಳೆತ ಬಂದರೆ ಇಪ್ಪತ್ತು ನಿಮಿಷ, ಅರ್ಧ ಗಂಟೆ ಇರುತ್ತದೆ, ಅಲೆಯ ಹಾಗೆ ಏರಿ ಇಳಿಯುತ್ತದೆ. ಅಷ್ಟು ಹೊತ್ತು ನಡೆಯುತ್ತೇನೆ. ಹಸಿದಿದ್ದರೆ ಮೊದಲು ಉಣ್ಣುತ್ತೇನೆ, ಏಕೆಂದರೆ ಖಾಲಿ ಹೊಟ್ಟೆಯಲ್ಲಿ ಸೆಳೆತ ಇಮ್ಮಡಿ. ವಾರಕ್ಕೊಮ್ಮೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗುತ್ತೇನೆ. ಅಮೆರಿಕದಲ್ಲಿ 1935ರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಮಾತಾಡಿಕೊಂಡು ಶುರುಮಾಡಿದ್ದು. ಶುಲ್ಕವಿಲ್ಲ, ಹೆಸರು ಕೇಳುವುದಿಲ್ಲ.

ಶಿಬಿರವೋ ಆಸ್ಪತ್ರೆಯೋ ಎಂದು ಜಗಳವಾಡುವುದು ಬೇಡ ಮೇಷ್ಟ್ರೇ. ಫಿಟ್ಸ್ ಬಂದ ಇತಿಹಾಸವಿರುವವನು ಮೊದಲು ವೈದ್ಯರ ಬಳಿ ಹೋಗಲಿ. ಒಂಬತ್ತನೆಯ ದಿನಕ್ಕೆ ನಿಮ್ಮ ಊರು ಬೇಕಾಗುತ್ತದೆ.

ಸೊರಬದ ಮೇಷ್ಟ್ರು
ಜುಲೈ 7, ರಾತ್ರಿ 9:50

ಒಪ್ಪಿದೆ. ಫಿಟ್ಸಿನ ವಿಷಯ ನನಗೆ ಹೊಳೆದಿರಲಿಲ್ಲ.

ಹೆಸರು ಬೇಡ
ಜುಲೈ 8, ಬೆಳಗಿನ ಜಾವ 4:30

ಒಂದೇ ಎಚ್ಚರಿಕೆ. ಮನೆಯವರು ನನ್ನನ್ನು ರಾತ್ರಿ ಮಲಗಿದ್ದಾಗ ಎತ್ತಿಕೊಂಡು ಹೋಗಲು ಒಂದು ಖಾಸಗಿ ಕೇಂದ್ರದವರಿಗೆ ದುಡ್ಡು ಕಟ್ಟಿದ್ದರು. ಹೊರಗಿನಿಂದ ಬೀಗ, ಮೂರು ತಿಂಗಳು ಫೋನಿಲ್ಲ, ಎದುರು ಮಾತಾಡಿದರೆ ಪೈಪಿನ ಏಟು. ಒಬ್ಬನ ಕಾಲಿಗೆ ಸರಪಳಿ ಹಾಕಿದ್ದನ್ನೂ ನೋಡಿದೆ. ವೈದ್ಯರನ್ನು ನಾನು ಕಂಡದ್ದು ಎರಡು ಸಲ. ಹೊರಗೆ ಬಂದ ದಿನವೇ ಕುಡಿದೆ, ಮೊದಲಿಗಿಂತ ಹೆಚ್ಚು.

ಮಾನಸಿಕ ಆರೋಗ್ಯ ಕಾಯ್ದೆ 2017ರಲ್ಲಿದೆ, ಆಮೇಲೆ ಓದಿಕೊಂಡೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಲು ಹೇಳಿ, ಒಳಗೆ ಹೋಗಿ ಮಲಗುವ ಕೋಣೆ ನೋಡಿ, ಭೇಟಿಯ ದಿನ ಯಾವುದೆಂದು ಕೇಳಿ. ತೋರಿಸದಿದ್ದರೆ ವಾಪಸ್ ಬನ್ನಿ.

ತುಂಗೆಯ ತಂಗಿ
ಜುಲೈ 9, ರಾತ್ರಿ 8:15

ಎಲ್ಲರ ಮಾತನ್ನೂ ಅತ್ತಿಗೆಗೆ ಓದಿ ಹೇಳಿದೆ. ಇವತ್ತು ಬೆಳಿಗ್ಗೆ, ಅಣ್ಣ ಸ್ವಲ್ಪ ಕುಡಿದು ಸ್ತಿಮಿತದಲ್ಲಿದ್ದ ಹೊತ್ತಿನಲ್ಲಿ, ಅವನ ಎದುರೇ ಆ ಮಾತ್ರೆಯ ಹಾಳೆ ಇಟ್ಟೆ. "ಇದನ್ನು ನಿನಗೆ ಗೊತ್ತಾಗದಂತೆ ಹಾಕಲು ಹೊರಟಿದ್ದೆವು, ಹಾಕಲಿಲ್ಲ" ಎಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಮೊನ್ನೆ ಮರದ ಮೇಲೆ ಕಾಲಿನ ತಳೆ (ಮರ ಹತ್ತಲು ಪಾದಕ್ಕೆ ಹಾಕುವ ಬಳೆ) ಜಾರಿತು. ನಿಮಗೆ ಹೇಳಲಿಲ್ಲ." ನಾಳೆ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟಿದ್ದೇವೆ. ಬರುತ್ತೇನೆ ಎಂದಿದ್ದಾನೆ.

ಒಂದು ಮಾತು ನನ್ನೊಳಗೆ ಕುದಿಯುತ್ತಿದೆ, ಇಲ್ಲಿ ಹೇಳಿಬಿಡುತ್ತೇನೆ. ಅವನಿಗೆ ಇದು ಅಂಟಿದ್ದು ಅಂಗಡಿಯಿಂದಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಔಷಧಿ ಹೊಡೆಯಲು ಹೋದಾಗ ತೋಟದ ಯಜಮಾನರೇ ಕೈಗೆ ಕೊಟ್ಟದ್ದು. ಮಳೆಯಲ್ಲಿ ಚಳಿ ಹಿಡಿಯದಿರಲಿ, ಮರ ಹತ್ತಲು ಧೈರ್ಯ ಬರಲಿ ಎಂದು. ಎಷ್ಟೋ ತೋಟಗಳಲ್ಲಿ ಈಗಲೂ ಕೂಲಿಯ ಮಾತಾಡುವಾಗಲೇ ಬಾಟಲಿಯ ಮಾತೂ ಆಗಿರುತ್ತದೆ.

ಅಡಿಕೆ ಚಪ್ಪರ (ಹೊಸನಗರ)
ಜುಲೈ 9, ರಾತ್ರಿ 11:40

ಈ ಚರ್ಚೆಯನ್ನು ಮೂರು ದಿನದಿಂದ ಓದುತ್ತಿದ್ದೇನೆ, ಬರೆಯಲು ಧೈರ್ಯ ಬಂದಿರಲಿಲ್ಲ. ತಂಗಿ ಹೇಳಿದ ಯಜಮಾನರಲ್ಲಿ ನಾನೂ ಒಬ್ಬ.

ನಮ್ಮದು ಆರು ಎಕರೆ. ಕೊಳೆ ರೋಗದ ಭಯ ಏನೆಂದು ತೋಟವಿದ್ದವರಿಗೆ ಗೊತ್ತು. ಆಷಾಢದಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟರೆ ಅಷ್ಟರಲ್ಲಿ ಇಡೀ ತೋಟಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆದು ಮುಗಿಯಬೇಕು. ಮರ ಹತ್ತುವವರು ಸಿಗುವುದಿಲ್ಲ. ಸಿಕ್ಕವರು ಪಕ್ಕದ ತೋಟಕ್ಕೆ ಹೋಗದಂತೆ ಹಿಡಿದಿಟ್ಟುಕೊಳ್ಳಬೇಕು. ನನ್ನ ಅಪ್ಪ ಸಾರಾಯಿ ಕೊಡುತ್ತಿದ್ದರು. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಆಮೇಲೆ ನಾನು ವಿಸ್ಕಿಯ ಸಣ್ಣ ಪ್ಯಾಕೆಟ್ ತರಿಸತೊಡಗಿದೆ. ಲೆಕ್ಕದ ಪುಸ್ತಕದಲ್ಲಿ ಮೈಲುತುತ್ತ, ಸುಣ್ಣ, ಅಂಟು, ಅದರ ಕೆಳಗೆ "ಇತರೆ". ಆ "ಇತರೆ" ಎಂದರೆ ಇದೇ. ನಾನು ಕುಡಿಯುವುದಿಲ್ಲ. ನಮ್ಮ ಮನೆಯೊಳಗೆ ಬಾಟಲಿ ಬಂದದ್ದಿಲ್ಲ. ಬೇರೆಯವರ ಮನೆಯ ಮಕ್ಕಳಿಗೆ ಕೊಟ್ಟು 60 ಅಡಿ ಎತ್ತರಕ್ಕೆ ಹತ್ತಿಸಿದೆ.

ಎಂಟು ವರ್ಷದ ಹಿಂದೆ ನಮ್ಮ ತೋಟದಲ್ಲಿ ಒಬ್ಬ ಬಿದ್ದ. ಬದುಕಿದ್ದಾನೆ, ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಸ್ಪತ್ರೆಯ ಖರ್ಚು ಕೊಟ್ಟೆ, ಊರಿನವರು ನನ್ನನ್ನು ಒಳ್ಳೆಯ ಯಜಮಾನ ಎಂದರು. ಅವನು ಅವತ್ತು ಕುಡಿದಿದ್ದ ಎಂದು ಎಲ್ಲರೂ ಅವನನ್ನೇ ಬೈದರು. ಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಮಲ್ಲಿಗೆ ಬಳ್ಳಿ
ಜುಲೈ 10, ಬೆಳಿಗ್ಗೆ 5:50

ಅಣ್ಣಾ, ಹೇಳಿದ್ದು ಒಳ್ಳೆಯದಾಯಿತು. ಈ ವರ್ಷ ಎರಡನೆಯ ಸಲ ಔಷಧಿ ಹೊಡೆಸುವಾಗ ಏನು ಮಾಡುತ್ತೀರಿ?

ಅಡಿಕೆ ಚಪ್ಪರ
ಜುಲೈ 10, ಬೆಳಿಗ್ಗೆ 7:30

ಬಾಟಲಿ ಇಲ್ಲ. ಆ ದುಡ್ಡನ್ನು ಕೂಲಿಗೆ ಸೇರಿಸಿ, ಸಂಜೆ ಕೈಗೆ ಕೊಡುವ ಬದಲು ಹೆಂಡತಿಯ ಅಥವಾ ಅವರವರ ಬ್ಯಾಂಕ್ ಖಾತೆಗೆ ಹಾಕುತ್ತೇನೆ, ಅವರನ್ನು ಕೇಳಿಯೇ. ಎರಡು ಹೊತ್ತು ಬಿಸಿ ಗಂಜಿ, ಜೀರಿಗೆ ಕಷಾಯ, ಒಳ್ಳೆಯ ರೇನ್‌ಕೋಟು. ಕಾರ್ಬನ್ ಫೈಬರ್ ದೋಟಿಗೂ (ಉದ್ದನೆಯ ಹಗುರ ಕೋಲು) ಹೇಳಿಟ್ಟಿದ್ದೇನೆ, ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು, ಕೊನೆಯನ್ನೂ ತೆಗೆಯಬಹುದು. ಬೆಲೆ ಹೆಚ್ಚು. ಆಗಲಿ.

ತುಂಗೆಯ ತಂಗಿ
ಜುಲೈ 23, ರಾತ್ರಿ 9:00

ಮನೆಗೆ ಬಂದಿದ್ದೇವೆ. ಹನ್ನೊಂದು ದಿನ ಒಳರೋಗಿಯಾಗಿದ್ದ. ಮೊದಲ ಎರಡು ರಾತ್ರಿ ನಾನೂ ಅತ್ತಿಗೆಯೂ ಪಾಳಿಯ ಮೇಲೆ ಕುಳಿತೆವು. ನಡುಕಕ್ಕೆ ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾ ಬಂದರು, ಥಯಾಮಿನ್ ಸೂಜಿ ಹಾಕಿದರು. ಫಿಟ್ಸ್ ಬರಲಿಲ್ಲ. ಐದನೆಯ ದಿನ ಹಸಿವೆ ಎಂದ. ಅವನ ಬಾಯಲ್ಲಿ ಆ ಮಾತು ಕೇಳಿ ವರ್ಷಗಳಾಗಿದ್ದವು. ಹೋಟೆಲಿನಿಂದ ತಂದ ಮೂರು ಇಡ್ಲಿ ತಿಂದು ಇನ್ನೆರಡು ಕೇಳಿದ. ಅತ್ತಿಗೆ ಹೊರಗೆ ಹೋಗಿ ಅತ್ತು ಬಂದಳು.

ಈಗ ನಮ್ಮ ಮುಂದಿರುವುದು ಹಳೇ ಸೇತುವೆ ಅಣ್ಣ ಹೇಳಿದ ಒಂಬತ್ತನೆಯ ದಿನ. ಕಾಗದ ಪೆನ್ನು ತೆಗೆದುಕೊಂಡು ಕುಳಿತಿದ್ದೇವೆ. ಅಮ್ಮನ ಕೈಯಿಂದ ದುಡ್ಡು ಹೋಗದಂತೆ ಮಾಡುವುದೇ ಕಷ್ಟ. ಅವಳಿಗೆ ಮಗ ನಡುಗುವುದನ್ನು ನೋಡಲಾಗುವುದಿಲ್ಲ.

ಬಿಳಿ ದಾಸವಾಳ
ಜುಲೈ 23, ರಾತ್ರಿ 10:10

ಅಮ್ಮನನ್ನು ಬೈಯಬೇಡಿ. ಮುಂದಿನ ಸಲ ವೈದ್ಯರ ಬಳಿ ಅವರನ್ನೇ ಕರೆದುಕೊಂಡು ಹೋಗಿ, ಕುಳಿತು ಕೇಳಲಿ. ಮೊದಲ ಮೂರು ತಿಂಗಳು ಬಹಳ ಜೋಪಾನ. ನಿದ್ದೆ ಸರಿಯಾಗಲು ತಿಂಗಳುಗಳೇ ಬೇಕು, ಕಾರಣವಿಲ್ಲದ ಸಿಟ್ಟು ಬರುತ್ತದೆ, ಅದು ಗುಣವಾಗುವ ದಾರಿಯಲ್ಲೇ ಇರುವಂಥದ್ದು.

ತುಂಗೆಯ ತಂಗಿ
ಸೆಪ್ಟೆಂಬರ್ 11, ರಾತ್ರಿ 12:20

ಕುಡಿದು ಬಂದ. ಆಸ್ಪತ್ರೆಯಿಂದ ಬಂದು ಐವತ್ತು ದಿನವಾಗಿತ್ತು. ಚೌತಿಯ ಗಣಪತಿ ಬಿಡಲು ಹೋದವರ ಜೊತೆ ಹೋಗಿದ್ದ. ಅತ್ತಿಗೆ ಬಾಗಿಲು ಹಾಕಿಕೊಂಡಿದ್ದಾಳೆ, ಅವನು ಜಗಲಿಯಲ್ಲಿ ಮಲಗಿದ್ದಾನೆ. ಎಲ್ಲ ಮುಗಿಯಿತು ಅನ್ನಿಸುತ್ತಿದೆ.

ಹಳೇ ಸೇತುವೆ
ಸೆಪ್ಟೆಂಬರ್ 11, ರಾತ್ರಿ 12:45

ಎಚ್ಚರವಿದ್ದೇನೆ ತಂಗಿ. ಮುಗಿದಿಲ್ಲ. ಐವತ್ತು ದಿನ ಕುಡಿಯದೇ ಇದ್ದದ್ದು ಸುಳ್ಳಾಗಲಿಲ್ಲ. ಬಿಪಿ, ಸಕ್ಕರೆ ಕಾಯಿಲೆ ಏರಿದಾಗ ಮತ್ತೆ ಡಾಕ್ಟರ ಬಳಿ ಹೋಗುತ್ತೇವಲ್ಲ, ಇದಕ್ಕೂ ಹಾಗೆಯೇ ಹೋಗಬೇಕು. ಬೆಳಿಗ್ಗೆ ಎದ್ದಾಗ ಅವನಿಗೆ ಎಲ್ಲರಿಗಿಂತ ಹೆಚ್ಚು ನಾಚಿಕೆಯಾಗಿರುತ್ತದೆ. ಆ ನಾಚಿಕೆ ಮುಚ್ಚಲೇ ನಾನು ಮರುದಿನ ಕುಡಿಯುತ್ತಿದ್ದೆ. ಗಂಜಿ ಕೊಡಿ, ಉಪದೇಶ ಬೇಡ, ಸಾಧ್ಯವಾದರೆ ನಾಳೆಯೇ ಆಸ್ಪತ್ರೆ. ಅವನು ಒಪ್ಪಿದರೆ ನನ್ನ ನಂಬರ್ ಕೊಡಿ, ನಿಮಗೆ ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ. ಎಷ್ಟು ಹೊತ್ತಿಗಾದರೂ ಸರಿ.

ತುಂಗೆಯ ತಂಗಿ
ಅಕ್ಟೋಬರ್ 19, ಸಂಜೆ 7:00

ಒಂದು ತಿಂಗಳು ಇಲ್ಲಿ ಬರಲಿಲ್ಲ, ಕ್ಷಮಿಸಿ. ಮಾರನೆಯ ದಿನವೇ ಹೋದೆವು. ಒಂದು ವಾರ ಇಟ್ಟುಕೊಂಡರು. ಅವನೇ ಕೇಳಿದನಂತೆ, "ನನ್ನ ತಂಗಿಯ ಚೀಲದಲ್ಲಿ ಒಂದು ಮಾತ್ರೆ ಇತ್ತಲ್ಲ, ಅದು ನನಗೆ ಆಗುತ್ತದೆಯೇ?" ಎಂದು. ರಕ್ತ ಪರೀಕ್ಷೆ, ಇಸಿಜಿ ಆಯಿತು. ಕುಡಿದರೆ ಏನಾಗುತ್ತದೆ ಎಂಬುದನ್ನು ಅವನಿಗೂ ನಮಗೂ ಕುಳ್ಳಿರಿಸಿ ವಿವರಿಸಿದರು. ಈಗ ಪ್ರತಿದಿನ ಬೆಳಿಗ್ಗೆ ಕಾಫಿಗೆ ಮುಂಚೆ, ಅತ್ತಿಗೆಯ ಎದುರು ನಿಂತು, ಅವನೇ ನುಂಗುತ್ತಾನೆ. ಡೈಸಲ್ಫಿರಾಂ, ಅದೇ ಹೆಸರು. ಅರಿಷ್ಟದ ಬಾಟಲಿಗಳನ್ನು ಅಮ್ಮ ತಾನೇ ತೆಗೆದು ಪಕ್ಕದ ಮನೆಗೆ ಕೊಟ್ಟಳು.

ಭೂಮಿ ಹುಣ್ಣಿಮೆಯ ದಿನ ಬೆಳಗಿನ ಜಾವ ಬುಟ್ಟಿ ಹೊತ್ತು ತೋಟಕ್ಕೆ ಚರಗ (ಭೂಮಿತಾಯಿಗೆ ಕೊಡುವ ಎಡೆ) ಬೀರಲು ಹೋದವನು ಅಣ್ಣ. ನಾಲ್ಕು ವರ್ಷದಿಂದ ಆ ಕೆಲಸವನ್ನು ಅತ್ತಿಗೆ ಒಬ್ಬಳೇ ಮಾಡುತ್ತಿದ್ದಳು. ಭದ್ರಾವತಿಯ ಅಣ್ಣನ ಜೊತೆ ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತಾನೆ. ಏನು ಮಾತು ಎಂದು ನಾನು ಕೇಳಿಲ್ಲ.

ಮಳೆಕಾಡು
ಅಕ್ಟೋಬರ್ 19, ರಾತ್ರಿ 8:30

ಓದಿ ಕಣ್ಣು ತುಂಬಿತು ತಂಗಿ.

ಅಡಿಕೆ ಚಪ್ಪರ
ನವೆಂಬರ್ 14, ರಾತ್ರಿ 9:10

ತಂಗಿ, ನಮ್ಮಲ್ಲಿ ಮುಂದಿನ ವಾರ ಕೊಯ್ಲು ಶುರು. ದೋಟಿ ಬಂದಿದೆ, ಸರಿಯಾಗಿ ಹಿಡಿಯಲು ಬಲ್ಲವರಿಲ್ಲ. ನಿಮ್ಮ ಅಣ್ಣ ಬರುವುದಾದರೆ ಮರ ಹತ್ತಬೇಕಾಗಿಲ್ಲ. ನಮ್ಮ ತೋಟದಲ್ಲಿ ಈಗ ಬಾಟಲಿ ಇಲ್ಲ, ಉಳಿದವರಿಗೂ ಹೇಳಿದ್ದೇನೆ. ಇಬ್ಬರು ಕೆಲಸ ಬಿಟ್ಟು ಹೋದರು, ನಾಲ್ವರು ಉಳಿದಿದ್ದಾರೆ. ಕೇಳಿ ನೋಡಿ.

ತುಂಗೆಯ ತಂಗಿ
ನವೆಂಬರ್ 15, ಬೆಳಿಗ್ಗೆ 6:40

ಕೇಳಿದೆ. ಸೋಮವಾರ ಬರುತ್ತಾನಂತೆ. ಕೂಲಿಯನ್ನು ಅತ್ತಿಗೆಯ ಖಾತೆಗೆ ಹಾಕಬೇಕೆಂದು ಅವನೇ ಹೇಳಿದ್ದಾನೆ. ಮಂಗಳವಾರ ಮಾತ್ರ ಬರಲಾಗುವುದಿಲ್ಲ, ಆಸ್ಪತ್ರೆಗೆ ಹೋಗುವ ದಿನ. ಬುಧವಾರದಿಂದ ಮತ್ತೆ ಬರುತ್ತಾನೆ.